ಟೈರ್ ಅದಲುಬದಲು ಮಾಡಿಸಿದ ಮೇಲೆ ಹಳದಿ ದೀಪ ಆರುತ್ತಿಲ್ಲ, ನಾಲ್ಕೂ ಸೆನ್ಸರ್ ಬದಲಿಸಲೇಬೇಕೇ?

ಕೋಟೆ ಕೆಳಗಿನವ, ಬಳ್ಳಾರಿ
ಎಲ್ಲರಿಗೂ ನಮಸ್ಕಾರ. ನನ್ನದು 2021ರ ಪೆಟ್ರೋಲ್ ಕಾರು, ಓಡಿರುವುದು 31,000 ಕಿಲೋಮೀಟರ್. ಮುಂದಿನ ಎರಡು ಟೈರ್‌ಗಳು ಹಿಂದಿನವುಗಳಿಗಿಂತ ಬಹಳ ಸವೆದಿದ್ದುದರಿಂದ ಕಳೆದ ಭಾನುವಾರ ಊರಿನ ಒಂದು ಟೈರ್ ಅಂಗಡಿಯಲ್ಲಿ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದೆ. ಮೂರನೆಯ ದಿನ ಸಿರುಗುಪ್ಪಕ್ಕೆ ಹೋಗುವಾಗ ಟೈರಿನಲ್ಲಿ ಗಾಳಿ ಇಳಿದರೆ ಎಚ್ಚರಿಸುವ, ಕುದುರೆ ಲಾಳದ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಅಂಗಡಿಗೆ ಮರಳಿ ಹೋಗಿ ಕೇಳಿದರೆ, ಟೈರ್ ಬಿಚ್ಚುವಾಗ ಒಳಗಿನ ಸೆನ್ಸರ್‌ಗಳಿಗೆ ಪೆಟ್ಟು ಬಿದ್ದಿರಬಹುದು, ಹಳೆಯದಾಗಿವೆ, ನಾಲ್ಕನ್ನೂ ಬದಲಿಸುವುದು ಒಳ್ಳೆಯದು, ಒಂದಕ್ಕೆ 3,500 ರೂಪಾಯಿ ಎಂದರು. ಹದಿನಾಲ್ಕು ಸಾವಿರ ಕೊಡುವ ಮೊದಲು ತಿಳಿದವರನ್ನು ಒಂದು ಮಾತು ಕೇಳೋಣ ಎಂದು ಬರೆಯುತ್ತಿದ್ದೇನೆ.

ಕೆಂಪು ಧೂಳು, ಸಂಡೂರು
ಎರಡು ಪ್ರಶ್ನೆ. ದೀಪ ಮೊದಲು ಒಂದು ನಿಮಿಷ ಮಿಟುಕಿ ಆಮೇಲೆ ಆರದೆ ಉರಿಯುತ್ತದೆಯೋ, ಇಲ್ಲ ಮೊದಲಿನಿಂದಲೂ ಸ್ಥಿರವಾಗಿ ಉರಿಯುತ್ತದೆಯೋ? ಯಾವ ಚಕ್ರದಲ್ಲಿ ಎಷ್ಟು ಗಾಳಿ ಇದೆ ಎಂಬ ಅಂಕಿ ನಿಮ್ಮ ಪರದೆಯ ಮೇಲೆ ಬರುತ್ತದೆಯೇ?

ಕೋಟೆ ಕೆಳಗಿನವ, ಬಳ್ಳಾರಿ
ಮಿಟುಕುವುದಿಲ್ಲ, ಸ್ಥಿರವಾಗಿಯೇ ಇರುತ್ತದೆ. ಅಂಕಿ ಎಂದೂ ಬಂದಿಲ್ಲ, ದೀಪ ಮಾತ್ರ. ಮೆನುವಿನಲ್ಲಿ ಟೈರ್ ಪ್ರೆಶರ್ ಎಂಬಲ್ಲಿ ‘ಸೆಟ್’ ಎಂದಿದೆ, ನಾನು ಅದನ್ನು ಮುಟ್ಟಿಲ್ಲ.

ಕೆಂಪು ಧೂಳು, ಸಂಡೂರು
ಹಾಗಿದ್ದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಮೊದಲು ಮಿಟುಕಿ ಆಮೇಲೆ ಸ್ಥಿರವಾದರೆ ವ್ಯವಸ್ಥೆಯಲ್ಲೇ ದೋಷವಿದೆ ಎಂದರ್ಥ, ಮೊದಲಿನಿಂದಲೂ ಸ್ಥಿರವಾಗಿ ಉರಿದರೆ ಗಾಳಿ ಕಡಿಮೆ ಇದೆ ಎಂದು ಅದು ಭಾವಿಸಿದೆ ಎಂದರ್ಥ.

ಹಳೇ ಸ್ಪ್ಯಾನರ್, ಕೊಪ್ಪಳ
ನಾನು 28 ವರ್ಷ ಕಾರು ರಿಪೇರಿಯಲ್ಲೇ ಕಳೆದವನು, ಈಗ ಮನೆಯಲ್ಲಿದ್ದೇನೆ. ಕೋಟೆಯವರೇ, ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನಿಮ್ಮ ಚಕ್ರಗಳ ಒಳಗೆ ಸೆನ್ಸರ್ ಇರುವ ಸಾಧ್ಯತೆಯೇ ಕಡಿಮೆ. ಇಲ್ಲದ ವಸ್ತುವಿಗೆ ಪೆಟ್ಟು ಬೀಳುವುದು ಹೇಗೆ?

ಈ ಗಾಳಿ ಎಚ್ಚರಿಕೆಯ ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ. ನೇರ ಬಗೆಯಲ್ಲಿ ಪ್ರತಿ ಚಕ್ರದ ಒಳಗೆ, ವಾಲ್ವಿನ ಬುಡದಲ್ಲಿ, ಬ್ಯಾಟರಿ ಇರುವ ಚಿಕ್ಕ ಸೆನ್ಸರ್ ಕುಳಿತಿದ್ದು ಗಾಳಿಯ ಒತ್ತಡವನ್ನು ಅಳೆದು ರೇಡಿಯೋ ಮೂಲಕ ಕಳುಹಿಸುತ್ತದೆ. ಪರದೆಯ ಮೇಲೆ ಅಂಕಿ ಬರುವುದು ಇಂಥ ಕಾರುಗಳಲ್ಲಿ. ಪರೋಕ್ಷ ಬಗೆಯಲ್ಲಿ ಒತ್ತಡವನ್ನು ಯಾರೂ ಅಳೆಯುವುದೇ ಇಲ್ಲ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿರುವುದರಿಂದ ಪ್ರತಿ ಚಕ್ರದ ವೇಗ ಎಣಿಸುವ ಸೆನ್ಸರ್ ಹೇಗೂ ಇರುತ್ತದೆ, ಮತ್ತು ಗಾಳಿ ಇಳಿದ ಟೈರ್ ತುಸು ತಗ್ಗಿ ಸುತ್ತಳತೆ ಕಡಿಮೆಯಾಗಿ ಉಳಿದ ಮೂರಕ್ಕಿಂತ ಹೆಚ್ಚು ಸುತ್ತು ಸುತ್ತುತ್ತದೆ. ಕಂಪ್ಯೂಟರ್ ಆ ವ್ಯತ್ಯಾಸ ಹಿಡಿದು ದೀಪ ಹೊತ್ತಿಸುತ್ತದೆ. ಅಷ್ಟೇ.

ಈಗ ನಿಮ್ಮ ಪ್ರಕರಣಕ್ಕೆ ಬರೋಣ. ಗಾಳಿ ಕಾಲುಭಾಗ ಇಳಿದರೂ ರೇಡಿಯಲ್ ಟೈರಿನ ಉರುಳುವ ತ್ರಿಜ್ಯದಲ್ಲಿ ಆಗುವ ವ್ಯತ್ಯಾಸ ಶೇಕಡಾ 1ಕ್ಕಿಂತ ಕಡಿಮೆ. ನಿಮ್ಮ ಮುಂದಿನ ಟೈರ್‌ಗಳು ಹಿಂದಿನವುಗಳಿಗಿಂತ 2.5 ಮಿಲಿಮೀಟರ್ ಹೆಚ್ಚು ಸವೆದಿದ್ದವು ಎಂದುಕೊಳ್ಳಿ, ಸುಮಾರು 300 ಮಿಲಿಮೀಟರ್ ತ್ರಿಜ್ಯದ ಚಕ್ರದಲ್ಲಿ ಅದೂ ಶೇಕಡಾ 0.8 ಆಯಿತು. ಸವೆದ ಟೈರ್‌ಗಳು ಹಿಂದಕ್ಕೆ ಹೋದವು, ಹಿಂದಿನ ಚಕ್ರಗಳು ಇದ್ದಕ್ಕಿದ್ದಂತೆ ಹೆಚ್ಚು ಸುತ್ತತೊಡಗಿದವು, ಹಳೆಯ ಲೆಕ್ಕವನ್ನೇ ನೆನಪಿನಲ್ಲಿಟ್ಟುಕೊಂಡಿರುವ ಕಂಪ್ಯೂಟರ್ ಅದನ್ನು ಗಾಳಿ ಇಳಿದಿದೆ ಎಂದು ಓದಿಕೊಂಡಿತು. ಅದಲುಬದಲು ಮಾಡಿದ ಮೇಲೆ ಮೆನುವಿನ ಆ ‘ಸೆಟ್’ ಒತ್ತಿ ರೀಸೆಟ್ ಮಾಡಲೇಬೇಕು ಎನ್ನುವುದು ಇದಕ್ಕಾಗಿಯೇ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇನ್ನೂ ಪ್ಲಾಸ್ಟಿಕ್ ಚೀಲ ಬಿಚ್ಚದೆ ಮಲಗಿರುವ ಕೈಪಿಡಿಯನ್ನು ಒಮ್ಮೆ ತೆರೆದು ಖಚಿತ ಮಾಡಿಕೊಳ್ಳಿ.

ಪಂಪಾಪತಿ ರಸ್ತೆ, ಹೊಸಪೇಟೆ
ಇನ್ನೊಂದು ಅನುಮಾನವಿದೆ. ಅದಲುಬದಲು ಮಾಡುವಾಗ ಟೈರನ್ನು ರಿಮ್ಮಿನಿಂದ ಬಿಚ್ಚುವುದೇ ಇಲ್ಲ, ರಿಮ್ ಸಮೇತ ಇಡೀ ಚಕ್ರವನ್ನೇ ಎತ್ತಿ ಇಡುತ್ತಾರೆ. ಹೀಗಿರುವಾಗ ‘ಟೈರ್ ಬಿಚ್ಚುವಾಗ ಪೆಟ್ಟು ಬಿತ್ತು’ ಎಂಬ ಮಾತಿಗೆ ಆಧಾರವೇನು?

ಕೋಟೆ ಕೆಳಗಿನವ, ಬಳ್ಳಾರಿ
ಸರ್, ಇದು ನನಗೆ ಹೊಳೆದೇ ಇರಲಿಲ್ಲ. ನಾನು ಎದುರಿಗೇ ನಿಂತಿದ್ದೆ, ಅವರು ಚಕ್ರವನ್ನಷ್ಟೇ ಕಳಚಿದರು.

ರಾಯಚೂರು ಬಿಸಿಲು
ಇಷ್ಟೆಲ್ಲ ಪಾಠ ಏತಕ್ಕೆ? ಮೆನುವಿಗೆ ಹೋಗಿ ‘ಸೆಟ್’ ಒತ್ತಿದರೆ ದೀಪ ಆರುತ್ತದೆ. ನಾನು ಮೂರು ವರ್ಷದಿಂದ ದೀಪ ಬಂದಾಗಲೆಲ್ಲ ಅದನ್ನೇ ಮಾಡುತ್ತಿದ್ದೇನೆ, ಒಂದು ದಿನವೂ ತೊಂದರೆಯಾಗಿಲ್ಲ.

ಭತ್ತದ ಗದ್ದೆ, ಸಿಂಧನೂರು
ಬಿಸಿಲಣ್ಣ, ದಯವಿಟ್ಟು ಹಾಗೆ ಸಲಹೆ ಕೊಡಬೇಡಿ. ನಾನೂ ಹಾಗೇ ಮಾಡಿ ಅನುಭವಿಸಿದ್ದೇನೆ. ಹೋದ ಸುಗ್ಗಿಯಲ್ಲಿ ಎರಡು ವಾರದಲ್ಲಿ ಮೂರು ಸಲ ದೀಪ ಬಂತು, ಮೂರು ಸಲವೂ ಒತ್ತಿ ಆರಿಸಿದೆ. ಎಡಗಡೆಯ ಹಿಂದಿನ ಟೈರಿನಲ್ಲಿ ಮೊಳೆ ಹೊಕ್ಕು ಗಾಳಿ ನಿಧಾನವಾಗಿ ಸೋರುತ್ತಿತ್ತು, ನಾನು ಪ್ರತಿ ಸಲವೂ ‘ಈಗಿರುವ ಗಾಳಿಯೇ ಸರಿ’ ಎಂದು ಕಾರಿಗೆ ಸುಳ್ಳು ಹೇಳಿಕೊಡುತ್ತಿದ್ದೆ. ನಾಲ್ಕನೆಯ ಸಲ ಅದು ಎಚ್ಚರಿಸಲೇ ಇಲ್ಲ. ಮಸ್ಕಿಯಿಂದ ರಾತ್ರಿ ಬರುವಾಗ ಗಾಡಿ ಒಂದು ಕಡೆ ಎಳೆಯತೊಡಗಿದಾಗ ಇಳಿದು ನೋಡಿದರೆ ಟೈರಿನ ಪಕ್ಕದ ಗೋಡೆ ರಿಮ್ಮಿನ ಕೆಳಗೆ ಅರೆದು ಒಳಗಿನಿಂದ ರಬ್ಬರ್ ಪುಡಿ ಉದುರುತ್ತಿತ್ತು. 100 ರೂಪಾಯಿಯ ಪಂಚರ್‌ನಲ್ಲಿ ಮುಗಿಯಬೇಕಾದದ್ದು ಹೊಸ ಟೈರಿನಲ್ಲಿ ಮುಗಿಯಿತು.

ಹಳೇ ಸ್ಪ್ಯಾನರ್, ಕೊಪ್ಪಳ
ಗದ್ದೆಯವರು ಬರೆದ ‘ಸುಳ್ಳು ಹೇಳಿಕೊಡುತ್ತಿದ್ದೆ’ ಎಂಬ ಮಾತಿನಲ್ಲೇ ಎಲ್ಲ ಇದೆ. ರೀಸೆಟ್ ಒತ್ತಿದರೆ ಟೈರಿಗೆ ಗಾಳಿ ತುಂಬುವುದಿಲ್ಲ. ಈ ಕ್ಷಣದ ಸ್ಥಿತಿಯನ್ನು ಅಳತೆಗೋಲಾಗಿ ಬರೆದಿಟ್ಟುಕೊಳ್ಳಲು ಕಾರು ಹೊರಡುತ್ತದೆ, ಅಷ್ಟೇ. ಆದ್ದರಿಂದ ಮೊದಲು ತಣ್ಣಗಿರುವ ಟೈರಿಗೆ, ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿ ಬರೆದಷ್ಟು ಗಾಳಿ, ಆಮೇಲೆ ರೀಸೆಟ್, ಆಮೇಲೆ ಕೆಲವು ಕಿಲೋಮೀಟರ್ ಸಮನಾದ ಓಟ.

ರಾಯಚೂರು ಬಿಸಿಲು
ಚೀಟಿಯಲ್ಲಿ ಬರೆದವರು ರಾಯಚೂರಿನ ಮೇ ತಿಂಗಳನ್ನು ನೋಡಿಲ್ಲ. ಇಲ್ಲಿ 42, 43 ಡಿಗ್ರಿ ಬಿಸಿಲು. ಚೀಟಿಯಂತೆ 33 ಪಿಎಸ್‌ಐ ಒತ್ತಡಕ್ಕೆ ಗಾಳಿ ಹಾಕಿಸಿದರೆ ಹೆದ್ದಾರಿಯಲ್ಲಿ ಹಿಗ್ಗಿ ಟೈರ್ ಸಿಡಿಯುತ್ತದೆ. ನಮ್ಮಲ್ಲಿ ಬೇಸಿಗೆಗೆ ನಾಲ್ಕೈದು ಪಿಎಸ್‌ಐ ಕಡಿಮೆ ಇಡುವುದು ಎಲ್ಲ ಚಾಲಕರೂ ಬಲ್ಲ ವಿಷಯ.

ಮಾಸ್ತರ, ಗಂಗಾವತಿ
ಎಲ್ಲರೂ ಬಲ್ಲದ್ದಾದರೂ ಅದು ತಪ್ಪು ಎಂದು ವಿನಯದಿಂದ ಹೇಳುತ್ತೇನೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು, ಆದ್ದರಿಂದ ಸ್ವಲ್ಪ ಲೆಕ್ಕವನ್ನು ಸಹಿಸಿಕೊಳ್ಳಿ.

ಬಿಸಿಗೆ ಗಾಳಿಯ ಒತ್ತಡ ಏರುವುದು ನಿಜ, ಆದರೆ ಕಾರು ತಯಾರಿಸುವವರು ಆ ಏರಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದು ತಣ್ಣನೆಯ ಅಂಕಿಯನ್ನು ಚೀಟಿಯಲ್ಲಿ ಕೊಡುತ್ತಾರೆ. ಟೈರನ್ನು ನಿಜವಾಗಿ ಕೊಲ್ಲುವುದು ಅದರ ಮಡಿಕೆ. ಗಾಳಿ ಕಡಿಮೆಯಾದಷ್ಟೂ ಪ್ರತಿ ಸುತ್ತಿನಲ್ಲಿ ಪಕ್ಕದ ಗೋಡೆ ಹೆಚ್ಚು ಬಾಗಿ ನೇರವಾಗುತ್ತದೆ, ಹೆಚ್ಚು ಬಾಗಿದಷ್ಟೂ ಒಳಗಿನಿಂದಲೇ ಹೆಚ್ಚು ಬಿಸಿಯೇರುತ್ತದೆ. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಹತ್ತು ಸಲ ಬಗ್ಗಿಸಿ ತುದಿಬೆರಳಿನಿಂದ ಮುಟ್ಟಿ ನೋಡಿ, ಅರ್ಥವಾಗುತ್ತದೆ. ಸುಡುವ ರಸ್ತೆಯ ಮೇಲೆ ಗಾಳಿ ಇಳಿಸಿ ಓಡಿಸುವವರು ಸಿಡಿಯುವುದನ್ನು ತಪ್ಪಿಸುತ್ತಿಲ್ಲ, ಹತ್ತಿರಕ್ಕೆ ಕರೆಯುತ್ತಿದ್ದಾರೆ.

ಇನ್ನು ಮಧ್ಯಾಹ್ನ ಗಾಳಿ ಹಾಕಿಸುವ ಅಭ್ಯಾಸದ ಲೆಕ್ಕ. ಹೆದ್ದಾರಿಯಲ್ಲಿ ಓಡಿ ಬಂದ ಟೈರಿನೊಳಗೆ 60 ಡಿಗ್ರಿ ಇದೆ ಎಂದುಕೊಳ್ಳೋಣ, ಆಗ 33 ಎಂದು ಸರಿಮಾಡಿಸಿದಿರಿ. ಇದಕ್ಕೆ ಹೊರಗಿನ ವಾತಾವರಣದ 14.7 ಸೇರಿಸಿದರೆ 47.7. ಮರುದಿನ ಬೆಳಿಗ್ಗೆ 27 ಡಿಗ್ರಿಗೆ ಇಳಿದಾಗ 333 ಕೆಲ್ವಿನ್ (ಡಿಗ್ರಿಗೆ 273 ಕೂಡಿಸಿದ ಅಂಕಿ) ಇದ್ದದ್ದು 300 ಆಗುತ್ತದೆ, 47.7 ಹೋಗಿ 43 ಆಗುತ್ತದೆ, ಮೀಟರ್ ತೋರಿಸುವುದು 28ರ ಆಸುಪಾಸು. ಒಂದು ಗುಟುಕು ಗಾಳಿಯೂ ಸೋರದೆ 5 ಪಿಎಸ್‌ಐ ಹೋಯಿತು. ಆ ಬಿಸಿಯಲ್ಲೇ ರೀಸೆಟ್ ಒತ್ತಿದವರ ಕಾರು 28ನ್ನೇ ಸರಿಯಾದ ಅಳತೆ ಎಂದು ನಂಬುತ್ತದೆ. ಅಮೆರಿಕದ ನಿಯಮದಲ್ಲಿ ಎಚ್ಚರಿಕೆಯ ಗಡಿ ಚೀಟಿಯ ಅಂಕಿಗಿಂತ ಶೇಕಡಾ 25 ಕೆಳಗೆ ಇದೆ, ಅಂದರೆ 33ಕ್ಕೆ ಸುಮಾರು 25. ಅದೇ ಶೇಕಡಾ 25ನ್ನು 28ರಿಂದ ಕಳೆದರೆ ದೀಪ ಹೊತ್ತುವ ಹೊತ್ತಿಗೆ ಟೈರಿನಲ್ಲಿ ಉಳಿಯುವುದು 21.

ಕೌಲ್ ಬಜಾರ್ ಬಾಬು, ಬಳ್ಳಾರಿ
ಮಾಸ್ತರೇ, ತಣ್ಣನೆಯ ಟೈರಿಗೆ ಹಾಕಿಸಿ ಎನ್ನುತ್ತೀರಿ, ಸರಿ. ಬಂಕಿಗೆ ಹೋಗುವಷ್ಟರಲ್ಲಿ ಟೈರ್ ಬಿಸಿಯಾಗುತ್ತದಲ್ಲ? ಬಂಕನ್ನು ಮನೆಗೆ ಕರೆಸುವುದೇ?

ಮಾಸ್ತರ, ಗಂಗಾವತಿ
ಕೊರತೆಯನ್ನು ಮನೆಯಲ್ಲಿ ಅಳೆಯಿರಿ, ಭರ್ತಿಯನ್ನು ಬಂಕಿನಲ್ಲಿ ಮಾಡಿಸಿ. ಬೆಳಿಗ್ಗೆ ನಿಮ್ಮದೇ ಗೇಜಿನಲ್ಲಿ 29 ಬಂತು, ಬೇಕಾದದ್ದು 33, ಅಂದರೆ 4 ಕಡಿಮೆ. ಬಂಕಿಗೆ ಹೋದಾಗ ಅದೇ ಗೇಜು 31 ತೋರಿಸಿದರೆ 35ಕ್ಕೆ ಹಾಕಿಸಿ. ಮುಖ್ಯವಾದದ್ದು ಗೇಜು ಒಂದೇ ಇರಬೇಕು.

ಕೌಲ್ ಬಜಾರ್ ಬಾಬು, ಬಳ್ಳಾರಿ
ಇದನ್ನು ಒಪ್ಪಿದೆ. ಒಂದೇ ಟೈರಿಗೆ ಊರಿನ ಎರಡು ಬಂಕುಗಳಲ್ಲಿ ಒಂದು 30, ಇನ್ನೊಂದು 34 ತೋರಿಸಿದ್ದನ್ನು ಕಂಡವನು ನಾನು. ನೈಟ್ರೋಜನ್ ಹಾಕಿಸಿದರೆ ಈ ಏರಿಳಿತ ಇರುವುದಿಲ್ಲ ಎನ್ನುತ್ತಾರಲ್ಲ?

ಮಾಸ್ತರ, ಗಂಗಾವತಿ
ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಬಿಸಿಗೆ ಅದೂ ಹಿಗ್ಗುತ್ತದೆ, ಬಹುತೇಕ ಅಷ್ಟೇ. ತೇವಾಂಶವಿಲ್ಲದಿರುವುದು ಮತ್ತು ತುಸು ನಿಧಾನವಾಗಿ ಸೋರುವುದು ಅದರ ಗುಣ. ಉಚಿತವಾಗಿ ಸಿಕ್ಕರೆ ಬೇಡವೆನ್ನಬೇಡಿ.

ಬೊಲೆರೊ ಸಾಹುಕಾರ, ಕುಷ್ಟಗಿ
ಎಲ್ಲರೂ ದೀಪದ ಹಿಂದೆಯೇ ಬಿದ್ದಿದ್ದೀರಿ. ಅದಲುಬದಲನ್ನೇ ಸರಿಯಾಗಿ ಮಾಡಿದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ನಾವು ಹಿಂದಿನವನ್ನು ನೇರವಾಗಿ ಮುಂದಕ್ಕೆ ತಂದು, ಮುಂದಿನವನ್ನು ಅಡ್ಡಲಾಗಿ ಹಿಂದಕ್ಕೆ, ಅಂದರೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕುತ್ತೇವೆ. ಎಲ್ಲ ಗಾಡಿಗೂ ಅದೇ ಸರಿಯಾದ ಕ್ರಮ.

ಹಳೇ ಸ್ಪ್ಯಾನರ್, ಕೊಪ್ಪಳ
ಸಾಹುಕಾರರೇ, ನಿಮ್ಮ ಬೊಲೆರೊಗೆ ಅದು ಸರಿ, ಎಲ್ಲ ಗಾಡಿಗೂ ಅಲ್ಲ. ಎಂಜಿನ್ನಿನ ಬಲ ಯಾವ ಚಕ್ರಕ್ಕೆ ಹೋಗುತ್ತದೆಯೋ ಆ ಜೋಡಿ ನೇರವಾಗಿ ಸಾಗುತ್ತದೆ, ಇನ್ನೊಂದು ಜೋಡಿ ಅಡ್ಡ ಹಾಯುತ್ತದೆ. ಬೊಲೆರೊದಲ್ಲಿ ಬಲ ಹಿಂದಿನ ಚಕ್ರಕ್ಕೆ. ಕೋಟೆಯವರ ಕಾರಿನಂಥ ಬಹುಪಾಲು ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರವೇ ಎಳೆಯುತ್ತದೆ, ತಿರುಗಿಸುತ್ತದೆ, ಬ್ರೇಕಿನ ಹೆಚ್ಚು ಭಾರವನ್ನೂ ಹೊರುತ್ತದೆ, ಬೇಗ ಸವೆಯುವುದು ಅದಕ್ಕೇ. ಅಲ್ಲಿ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡಲಾಗಿ ಮುಂದಕ್ಕೆ. ಒಂದೇ ಹೆಸರಿನ ಗಾಡಿಯಲ್ಲೂ ಎಡವಬಹುದು: ಇನ್ನೋವಾ ಕ್ರಿಸ್ಟಾ ಹಿಂದಿನ ಚಕ್ರದಿಂದ ಓಡುತ್ತದೆ, ಇನ್ನೋವಾ ಹೈಕ್ರಾಸ್ ಮುಂದಿನದರಿಂದ. ಪಕ್ಕದಲ್ಲಿ ಬಾಣದ ಗುರುತಿರುವ ಟೈರ್ ಒಂದೇ ದಿಕ್ಕಿಗೆ ತಿರುಗುವಂಥದ್ದು, ಅದನ್ನು ಅದೇ ಬದಿಯಲ್ಲಿ ಹಿಂದೆ ಮುಂದೆ ಮಾತ್ರ ಮಾಡಬೇಕು.

8,000ದಿಂದ 10,000 ಕಿಲೋಮೀಟರಿಗೆ ಒಮ್ಮೆ ಮಾಡಿಸಿದರೆ ಸವೆತದ ವ್ಯತ್ಯಾಸ ಇಷ್ಟು ದೊಡ್ಡದಾಗುವುದಿಲ್ಲ, ದೀಪವೂ ಗೊಂದಲಗೊಳ್ಳುವುದು ಅಪರೂಪ. 31,000ಕ್ಕೆ ಮೊದಲ ಸಲ ಮಾಡಿಸಿದ್ದು ತಡವಾಯಿತು ಎಂದು ಹೇಳದೆ ಇರಲಾರೆ.

ಬೊಲೆರೊ ಸಾಹುಕಾರ, ಕುಷ್ಟಗಿ
ಹೈಕ್ರಾಸ್ ವಿಷಯ ತಿಳಿದಿರಲಿಲ್ಲ, ಬೀಗರ ಮನೆಯಲ್ಲಿ ಅದೇ ಇದೆ. ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಸುತ್ತಿಸಬಹುದಲ್ಲ?

ಹಳೇ ಸ್ಪ್ಯಾನರ್, ಕೊಪ್ಪಳ
ಸ್ಟೆಪ್ನಿ ಅದೇ ಅಳತೆಯದಾಗಿದ್ದರೆ ಖಂಡಿತ ಸೇರಿಸಿ, ಬಳಸದೆ ಬಿದ್ದ ರಬ್ಬರ್ ಕೂಡ ಮುಪ್ಪಾಗುತ್ತದೆ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ, 2319 ಎಂದಿದ್ದರೆ 2019ರ 23ನೆಯ ವಾರದ ಟೈರ್ ಅದು. ಆದರೆ ಈಗಿನ ಅನೇಕ ಕಾರುಗಳಲ್ಲಿ ಕೊಡುವುದು ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿ, 80ರ ವೇಗ ಮೀರಬಾರದೆಂದು ಅದರ ಮೇಲೆಯೇ ಬರೆದಿರುತ್ತದೆ, ಅದನ್ನು ಸೇರಿಸಕೂಡದು. 2020ರ ನಿಯಮದ ಬಳಿಕ ಟ್ಯೂಬ್‌ಲೆಸ್ ಟೈರ್, ಪಂಚರ್ ಕಿಟ್ ಮತ್ತು ಈ ಗಾಳಿ ಎಚ್ಚರಿಕೆಯ ವ್ಯವಸ್ಥೆ ಮೂರೂ ಇದ್ದರೆ ಸ್ಟೆಪ್ನಿಯೇ ಇಲ್ಲದೆ ಕಾರು ಮಾರಬಹುದು. ಆ ದೀಪವನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ ಎನ್ನುವುದು ಇದಕ್ಕೂ ಹೌದು.

ಕೆಂಪು ಧೂಳು, ಸಂಡೂರು
ನಮ್ಮದು ಅದಿರು ಸಾಗಿಸುವ ಹತ್ತು ಚಕ್ರದ ಗಾಡಿಗಳು. ಅಲ್ಲಿ ಹೊಸ ಟೈರ್ ಮುಂದಕ್ಕೆ, ಅರ್ಧ ಸವೆದ ಮೇಲೆ ಹಿಂದಕ್ಕೆ, ಆಮೇಲೆ ರೀಟ್ರೆಡ್ ಮಾಡಿಸಿ, ಅಂದರೆ ಸವೆದ ಮೇಲ್ಮೈಗೆ ಹೊಸ ರಬ್ಬರ್ ಹೊದಿಸಿ, ಮತ್ತೆ ಹಿಂದಕ್ಕೇ. ರೀಟ್ರೆಡ್ ಟೈರನ್ನು ಮುಂದಕ್ಕೆ ಹಾಕುವ ಧೈರ್ಯ ನಮ್ಮ ಯಾವ ಚಾಲಕನೂ ಮಾಡುವುದಿಲ್ಲ. ಹಿಂದಿನ ಜೋಡಿ ಟೈರ್‌ಗಳಲ್ಲಿ ಒಂದು ಎತ್ತರ ಒಂದು ತಗ್ಗು ಆದರೆ ಎತ್ತರದ್ದೇ ಎಲ್ಲ ಭಾರ ಹೊತ್ತು ಮೊದಲು ಸಾಯುತ್ತದೆ. ಸಂಡೂರಿನ ಘಾಟಿಯಲ್ಲಿ ಇದನ್ನು ಕಲಿಯಲು ವಿಜ್ಞಾನದ ಪಾಠ ಬೇಕಾಗಿಲ್ಲ.

ಪಂಪಾಪತಿ ರಸ್ತೆ, ಹೊಸಪೇಟೆ
ಕಾರಿಗೆ ಮಾತ್ರ ಇದನ್ನು ಅನ್ವಯಿಸಬೇಡಿ. ಎರಡೇ ಹೊಸ ಟೈರ್ ಕೊಂಡರೆ ಹಿಂದಕ್ಕೆ ಹಾಕಿಸಬೇಕೆಂದು ಟೈರ್ ಕಂಪನಿಗಳೇ ಹೇಳುತ್ತವೆ. ನೀರು ನಿಂತ ರಸ್ತೆಯಲ್ಲಿ ಮುಂದಿನದು ಜಾರಿದರೆ ವೇಗ ತಗ್ಗಿಸಿ ಹಿಡಿಯಬಹುದು, ಹಿಂದಿನದು ಜಾರಿದರೆ ಗಾಡಿಯೇ ತಿರುಗಿಬಿಡುತ್ತದೆ.

ಕೌಲ್ ಬಜಾರ್ ಬಾಬು, ಬಳ್ಳಾರಿ
ಕೋಟೆಯವರೇ, ಸೆನ್ಸರ್ ಇದೆಯೋ ಇಲ್ಲವೋ ಎಂದು ತಿಳಿಯಲು ಸುಲಭ ಉಪಾಯ: ವಾಲ್ವ್ ಕಪ್ಪು ರಬ್ಬರಿನದಾಗಿದ್ದರೆ ಇಲ್ಲ, ಲೋಹದ್ದಾಗಿದ್ದರೆ ಇದೆ.

ಹಳೇ ಸ್ಪ್ಯಾನರ್, ಕೊಪ್ಪಳ
ಬಾಬು ಅವರೇ, ಅದನ್ನೇ ನಂಬಿಕೊಳ್ಳಬೇಡಿ. ರಬ್ಬರ್ ವಾಲ್ವಿನ ಬುಡದಲ್ಲೂ ಸೆನ್ಸರ್ ಕೂರಿಸುವ ಕಾರುಗಳಿವೆ. ಕೈಪಿಡಿಯೇ ಕೊನೆಯ ಮಾತು.

ಎಪಿಎಂಸಿ ಯಾರ್ಡ್, ಗಂಗಾವತಿ
ನನ್ನ ಕಾರಿನಲ್ಲಿ ಅಂಕಿ ಬರುತ್ತದೆ, ಅಂದರೆ ನೇರ ಬಗೆ. ಅದಲುಬದಲು ಮಾಡಿಸಿದಾಗ ಬೇರೆಯೇ ಫಜೀತಿ ಆಯಿತು. ಪರದೆಯಲ್ಲಿ ‘ಮುಂದಿನ ಎಡ’ದ್ದು 27 ಎಂದು ತೋರಿಸಿತು, ಅದಕ್ಕೆ ಗಾಳಿ ಹಾಕಿಸಿದೆ, ಆದರೂ 27 ಹಾಗೇ ನಿಂತಿತ್ತು, ‘ಹಿಂದಿನ ಎಡ’ದ್ದು ಮಾತ್ರ 38ಕ್ಕೆ ಏರಿತು. ಪ್ರತಿ ಸೆನ್ಸರ್‌ಗೂ ತನ್ನದೇ ಗುರುತಿನ ಸಂಖ್ಯೆ ಇರುತ್ತದೆಯಂತೆ, ಚಕ್ರ ಜಾಗ ಬದಲಿಸಿದರೂ ಕಾರಿಗೆ ಹಳೆಯ ವಿಳಾಸವೇ ಗೊತ್ತು. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿತುಕೊಳ್ಳುತ್ತವೆ, ನನ್ನದಕ್ಕೆ ಷೋರೂಮಿನ ಯಂತ್ರದಲ್ಲಿ ಹೊಸ ವಿಳಾಸ ಬರೆಸಬೇಕಾಯಿತು.

ಭತ್ತದ ಗದ್ದೆ, ಸಿಂಧನೂರು
ಮೊಳೆಯ ಪ್ರಸಂಗದ ನಂತರ ಅಪ್ಪನ ಹಳೆಯ ಗಾಡಿಗೆ ನಾನು ಹಾಕಿಸಿದ್ದು ವಾಲ್ವಿನ ಮುಚ್ಚಳದ ಬದಲು ತಿರುಗಿಸಿ ಕೂರಿಸುವ ಸೆನ್ಸರ್. ಅದರಲ್ಲಿ ಈ ಯಾವ ಗೋಳೂ ಇಲ್ಲ. ಮುಚ್ಚಳದ ಮೇಲೆ ಯಾವ ಚಕ್ರದ್ದೆಂದು ಬರೆದಿರುತ್ತದೆ, ಅದಲುಬದಲು ಆದ ಮೇಲೆ ನಾಲ್ಕನ್ನೂ ಬಿಚ್ಚಿ ತಮ್ಮ ತಮ್ಮ ಮೂಲೆಗೆ ಹಾಕಿದರೆ ಮುಗಿಯಿತು. ಒಂದೇ ಎಚ್ಚರಿಕೆ, ಎರಡು ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ ಹಾಕಿ, ಇಲ್ಲದಿದ್ದರೆ ಧೂಳು ತೇವ ಸೇರಿ ಹಿತ್ತಾಳೆಯ ವಾಲ್ವಿಗೆ ಕಚ್ಚಿಕೊಂಡುಬಿಡುತ್ತದೆ.

ಕೋಟೆ ಕೆಳಗಿನವ, ಬಳ್ಳಾರಿ
ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ, ತಡಕ್ಕೆ ಕ್ಷಮೆ ಇರಲಿ. ಕೈಪಿಡಿಯನ್ನು ಓದಿದೆ. ಹಳೇ ಸ್ಪ್ಯಾನರ್ ಅವರು ಹೇಳಿದಂತೆಯೇ ನನ್ನದು ಪರೋಕ್ಷ ಬಗೆ, ಚಕ್ರಗಳಲ್ಲಿ ಸೆನ್ಸರ್ ಇಲ್ಲವೇ ಇಲ್ಲ. ಆ ಪುಟವನ್ನು ಅಂಗಡಿಯವರಿಗೆ ತೋರಿಸಿದಾಗ, ಬೇರೆ ಮಾದರಿಯ ಕಾರೆಂದು ತಿಳಿದಿದ್ದೆವು ಎಂದರು. ಜಗಳಕ್ಕೆ ನಿಲ್ಲಲಿಲ್ಲ.

ಗೇಜು ಕೊಂಡು ಬೆಳಿಗ್ಗೆ ಆರಕ್ಕೆ ಅಳೆದರೆ 31, 31, 30, ಮತ್ತು ಹಿಂದಿನ ಬಲದ್ದು 26. ಮಾಸ್ತರರ ಉಪಾಯದಂತೆ ಎಲ್ಲವನ್ನೂ 33 ಮಾಡಿಸಿ, ತಣ್ಣಗಾದ ಮೇಲೆ ಮತ್ತೆ ಅಳೆದು, ಆಮೇಲೆ ‘ಸೆಟ್’ ಒತ್ತಿ ಕಂಪ್ಲಿಯವರೆಗೆ ಓಡಿಸಿ ಬಂದೆ. ದೀಪ ಆರಿತು. ಆರನೆಯ ದಿನ ಮತ್ತೆ ಹೊತ್ತಿತು. ಈ ಸಲ ಒತ್ತಲಿಲ್ಲ, ಅಳೆದೆ. ಮೂರರಲ್ಲಿ 33, ಅದೇ ಹಿಂದಿನ ಬಲದ್ದರಲ್ಲಿ 24. ಸೋಪಿನ ನೀರು ಹಾಕಿದಾಗ ವಾಲ್ವಿನ ಬಾಯಲ್ಲಿ ಗುಳ್ಳೆ ಬರುತ್ತಿತ್ತು, ಒಳಗಿನ ಪಿನ್ ಸಡಿಲವಾಗಿತ್ತು. ಪಂಚರ್ ಅಂಗಡಿಯ ಹುಡುಗ ಹೊಸ ಪಿನ್ ಹಾಕಿ ಇಪ್ಪತ್ತು ರೂಪಾಯಿ ತೆಗೆದುಕೊಂಡ. ಗಾಳಿ ಸರಿಮಾಡಿ ಮತ್ತೊಮ್ಮೆ ಸೆಟ್ ಮಾಡಿದೆ, ನಾಲ್ಕು ದಿನವಾಯಿತು, ಇನ್ನೂ ಬಂದಿಲ್ಲ.

ಹಳೇ ಸ್ಪ್ಯಾನರ್, ಕೊಪ್ಪಳ
ಅಂದರೆ ದೀಪಕ್ಕೆ ಎರಡು ಕಾರಣ ಸೇರಿಕೊಂಡಿದ್ದವು, ಅರ್ಧ ಗೊಂದಲ, ಅರ್ಧ ಸತ್ಯ. ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿದಿರಾ? ಅದಲುಬದಲಾದ ಮೇಲೆ ಎಂಬತ್ತು, ನೂರು ಕಿಲೋಮೀಟರ್ ಓಡಿದ ಬಳಿಕ ಒಂದು ಸಲ ನೋಡಿಸಬೇಕು.

ಕೋಟೆ ಕೆಳಗಿನವ, ಬಳ್ಳಾರಿ
ಮಾಡಿಸಿದೆ ಗುರುಗಳೇ. ಒಂದು ನಟ್ಟು ಅರ್ಧ ಸುತ್ತು ತಿರುಗಿತು.

ರಾಯಚೂರು ಬಿಸಿಲು
ನಾನೂ ಇಂದು ಬೆಳಿಗ್ಗೆ ಪಕ್ಕದ ಮನೆಯವರ ಗೇಜು ತಂದು ಅಳೆದೆ. ನಾಲ್ಕರಲ್ಲೂ 24. ದೀಪ ಬಂದಿರಲಿಲ್ಲ. ಮಾಸ್ತರೇ, ಒಳ್ಳೆಯ ಗೇಜು ಎಷ್ಟಕ್ಕೆ ಸಿಗುತ್ತದೆ?